16 ಇಂಚಿನ ಗಾಲಿಗೆ ಎಷ್ಟು ಗಾಳಿ: ಬದಿಯಡ್ಕದಿಂದ ಮೊದಲ ತಿಂಗಳ ಲೆಕ್ಕ

ಮೊದಲ ವಾರ

ಕಾರಿಗೆ 16 ಇಂಚಿನ ಅಲಾಯ್ ಗಾಲಿ ಹಾಕಿಸಿದೆ. ಹಳೆಯ ಟೈರ್ 185/65 ಆರ್15, ಹೊಸದು 195/55 ಆರ್16. ಮೊದಲ ಸಂಖ್ಯೆ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಗಾಲಿಯ ವ್ಯಾಸ ಇಂಚಿನಲ್ಲಿ. ಹಳೆಯದರ ವ್ಯಾಸ 621.5 ಮಿಲಿಮೀಟರ್, ಹೊಸದರದ್ದು 620.9. ಎರಡೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಸ್ಪೀಡೋಮೀಟರ್ ತಪ್ಪು ವೇಗ ತೋರಿಸುವ ಚಿಂತೆ ಇರಲಿಲ್ಲ.

‘ಟೈರ್ ಅಗಲವಾಗಿದೆ, ಗಾಳಿ ಇಳಿಸಿದರೆ ಮೆತ್ತಗೆ ಓಡುತ್ತದೆ’ ಎಂದು ಸ್ನೇಹಿತರೊಬ್ಬರು ಹೇಳಿದರು. ನಂಬಿ 26 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸಿದೆ. ಮೂರನೆಯ ದಿನ, ಉಕ್ಕಿನಡ್ಕ ದಾಟಿ ಪೆರ್ಲದ ಕಡೆ ಹೋಗುವಾಗ ಮಳೆನೀರು ತುಂಬಿದ್ದ ಗುಂಡಿಗೆ ಎಡಗಾಲಿ ಇಳಿಯಿತು. ಕಲ್ಲಿಗೆ ಲೋಹ ಬಡಿದ ಸದ್ದು. ರಿಮ್ಮಿನ ಅಂಚು ಒಳಕ್ಕೆ ಬಾಗಿತ್ತು. ಹಳೆಯ ಟೈರಿನ ಪಕ್ಕದ ಗೋಡೆ 120 ಮಿಲಿಮೀಟರ್ ಎತ್ತರವಿತ್ತು, ಹೊಸದರದ್ದು ಬರೀ 107. ಪೆಟ್ಟು ತಡೆಯುವುದು ಆ ಗೋಡೆ ಮತ್ತು ಅದರೊಳಗಿನ ಗಾಳಿ. ನಾನು ಎರಡನ್ನೂ ಕಡಿಮೆ ಮಾಡಿದ್ದೆ.

ಎರಡನೆಯ ವಾರ

ರಿಮ್ ಸರಿಯಾಗಿ ಬಂದ ಮೇಲೆ ಟೈರಿನ ಮೇಲಿನ ಅಕ್ಷರಗಳನ್ನು ಕೂತು ಓದಿದೆ. ಹಳೆಯದರ ಭಾರ ಸೂಚ್ಯಂಕ 88, ಅಂದರೆ ಒಂದು ಟೈರ್ ಹೊರಬಹುದಾದ ಗರಿಷ್ಠ ಭಾರ 560 ಕಿಲೋ. ಹೊಸದರದ್ದು 87, ಅಂದರೆ 545 ಕಿಲೋ. ಅಗಲವಾದ ಟೈರ್ ಹೊರುವ ಭಾರ ಕಡಿಮೆ! ಅಗಲ ಹೆಚ್ಚಿದರೂ ಒಳಗೆ ಗಾಳಿಯ ಜಾಗ ಕುಗ್ಗಿದೆ. ಅದೇ ಕಾರನ್ನು ಹೊರಲು ಅದಕ್ಕೆ ಒತ್ತಡ ತುಸು ಹೆಚ್ಚೇ ಬೇಕು.

ಎಷ್ಟು ಗಾಳಿ ಬೇಕೆಂದು ಕಾರು ಕಂಪನಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ 30 ಎನ್ನುತ್ತದೆ. ಅದು ಹಳೆಯ ಅಳತೆಗೆ. ಭಾರದ ವ್ಯತ್ಯಾಸ ಸರಿದೂಗಿಸಿದಾಗ ಹೊಸದಕ್ಕೆ 31 ಬಂತು. ಇದು ಕನಿಷ್ಠ, ಇದಕ್ಕಿಂತ ಕೆಳಗಿಳಿಯಬಾರದು. ಟೈರಿನ ಮೇಲೆ ಅಚ್ಚಾದ ಗರಿಷ್ಠ ಒತ್ತಡವನ್ನೇ ತುಂಬಿಸುವವರೂ ಇದ್ದಾರೆ. ಅದು ಮೀರಬಾರದ ಗಡಿಯೇ ಹೊರತು ದಿನನಿತ್ಯದ ಅಳತೆಯಲ್ಲ.

ಮೂರನೆಯ ವಾರ

ಸ್ವಂತಕ್ಕೆ ಒಂದು ಒತ್ತಡಮಾಪಕ ಕೊಂಡೆ. ಬೆಳಗ್ಗೆ ಅಂಗಳದಲ್ಲಿ, ಕಾರು ಕದಲುವ ಮೊದಲು, 31 ತುಂಬಿಸಿದೆ. ಕುಂಬಳೆಗೆ ಹೋಗಿ ನಿಲ್ಲಿಸಿ ನೋಡಿದರೆ 34. ಓಡಿದಾಗ ಟೈರ್ ಬಿಸಿಯಾಗಿ ಒತ್ತಡ ಏರುವುದು ಸಹಜ. ‘ಹೆಚ್ಚಾಯಿತು’ ಎಂದು ಪೇಟೆಯಲ್ಲಿ ಗಾಳಿ ಬಿಟ್ಟಿದ್ದರೆ ಮರುದಿನ ಬೆಳಗ್ಗೆ ಮತ್ತೆ 28ರ ಸುತ್ತ ಇರುತ್ತಿತ್ತು. ಇಷ್ಟು ವರ್ಷ ಪೆಟ್ರೋಲ್ ಬಂಕಿನಲ್ಲಿ ನಾನು ಮಾಡುತ್ತಿದ್ದುದು ಅದನ್ನೇ ಎಂದು ನೆನೆದು ಬೇಸರವಾಯಿತು.

ನಾಲ್ಕನೆಯ ವಾರ

ಟೈರ್ ಪೂರ್ತಿ ಅಗಲಕ್ಕೂ ನೆಲಕ್ಕೆ ಸಮನಾಗಿ ತಾಗುತ್ತದೆಯೇ ಎಂದು ನೋಡಲು ಅದರ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಒಣಗಿದ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದೆ. 35ರಲ್ಲಿ ನಡುವಿನ ಗೆರೆ ಮೊದಲು ಅಳಿಯಿತು, ಅಂಚುಗಳಲ್ಲಿ ಉಳಿಯಿತು. 32ರಲ್ಲಿ ಉದ್ದಕ್ಕೂ ಒಂದೇ ಸಮ ಅಳಿಯಿತು. ಮನೆಯ ಮುಂದಿನ ಮುರಕಲ್ಲಿನ ಏರಿನಲ್ಲೂ ಕಾರು ಕುಟ್ಟುವುದಿಲ್ಲ, ಸ್ಟಿಯರಿಂಗ್ ಹಗುರವಾಗಿದೆ. ಇಬ್ಬರು ಕೂತು ಓಡಾಡಲು 32 ಎಂದು ಗಟ್ಟಿ ಮಾಡಿಕೊಂಡೆ.

ಕಾರಿನ ಹಿಂಭಾಗದಲ್ಲಿ ಅಡಿಕೆ ಮೂಟೆ ಹೇರಿದಾಗಿನ ಲೆಕ್ಕ ಬೇರೆ. ಪೂರ್ತಿ ಭಾರಕ್ಕೆ ಚೀಟಿಯಲ್ಲಿ ಹಿಂಗಾಲಿಗೆ 33 ಇದೆ, ಹೊಸ ಟೈರಿಗೆ ಅದು 34 ಆಗುತ್ತದೆ. ಮುಂದಿನ ವಾರ ಮೂರು ಮೂಟೆ ತೂಗಿ ಹೇರಿ, ಸೀಮೆಸುಣ್ಣ ಹಿಡಿದು ಅದನ್ನೂ ನೋಡುತ್ತೇನೆ.