ಮಾಳಿಗೆಯ ಕೆಳಗಿನ ಕೋಣೆಗೆ ಎಷ್ಟು ಸ್ಟಾರಿನ ಎಸಿ?

ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನನ್ನಂಥ ನೌಕರರಿಗೆ ಇದು ಅನುಕೂಲವೇ. ಆದರೆ ಬಿಸಿಲು 42–43 ಡಿಗ್ರಿಗೆ ಏರುವ ಹೊತ್ತಿಗೆ ಸರಿಯಾಗಿ ಮನೆಮಂದಿಯೆಲ್ಲ ಮನೆಯಲ್ಲಿಯೇ ಇರುತ್ತೇವೆ. ನಮ್ಮ ಮಲಗುವ ಕೋಣೆಯ ಮೇಲೆ ಇನ್ನೊಂದು ಅಂತಸ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೂ ಅದು ಇಳಿಸಿಟ್ಟ ರೊಟ್ಟಿ ಹಂಚಿನ ಹಾಗೆ ಬೆಚ್ಚಗಿರುತ್ತದೆ. ನಮ್ಮದು ಒಣ ಬಿಸಿಲಾದ್ದರಿಂದ ಮೇ ಕೊನೆಯವರೆಗೆ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೃಗಶಿರಾ ಮಳೆ ಬಿದ್ದು ಗಾಳಿಯಲ್ಲಿ ತೇವ ಕೂಡಿತೆಂದರೆ ಅದೇ ಕೂಲರಿನಿಂದ ಮೈ ಜಿಗುಟಾಗುತ್ತದೆ. ಅಂತೂ 2024ರ ಏಪ್ರಿಲ್‌ನಲ್ಲಿ ಒಂದೂವರೆ ಟನ್ನಿನ ಎಸಿ ಕೊಳ್ಳಲು ಹೊರಟೆವು.

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯವರು, "ಫೈವ್ ಸ್ಟಾರೇ ತಗೋರಿ ಸರ್, ಬಿಲ್ ಅರ್ಧ ಆಗ್ತದ" ಎಂದರು. ಅರ್ಧವೆಂಬ ಮಾತಿಗೆ ಆಧಾರವೇನೆಂದು ನೋಡಲು ಎರಡು ಯಂತ್ರಗಳ ಲೇಬಲ್ಲುಗಳನ್ನು ಬರೆದುಕೊಂಡು ಬಂದೆ. ನಕ್ಷತ್ರಗಳಿಗಿಂತ ಅವುಗಳ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಎರಡು ಅಂಕಿಗಳೇ ಮುಖ್ಯವೆಂಬುದು ನನಗೆ ತಿಳಿದದ್ದು ಆಗಲೇ. ಮೊದಲನೆಯದು ಐಎಸ್‌ಇಇಆರ್, ಅಂದರೆ ವರ್ಷವಿಡೀ ಕೋಣೆಯಿಂದ ಹೊರಹಾಕುವ ಶಾಖವನ್ನು ಅದಕ್ಕಾಗಿ ಖರ್ಚಾಗುವ ವಿದ್ಯುತ್ತಿನಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಎರಡನೆಯದು ವರ್ಷಕ್ಕೆ ತಗಲುವ ಯೂನಿಟ್. ನಾನು ನೋಡಿದ ಮೂರು ಸ್ಟಾರಿನದು 3.9 ಮತ್ತು 985 ಯೂನಿಟ್; ಐದು ಸ್ಟಾರಿನದು 5.1 ಮತ್ತು 755 ಯೂನಿಟ್. ಉಳಿತಾಯ ಕಾಲು ಭಾಗಕ್ಕೂ ತುಸು ಕಡಿಮೆ; ಅರ್ಧವಂತೂ ಅಲ್ಲ.

ಸ್ಟಾರ್ ಎಂಬುದು ಶಾಶ್ವತವಾದ ಅಳತೆಯೂ ಅಲ್ಲ. ಸ್ಟಾರ್ ನಿಗದಿ ಮಾಡುವ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ತನ್ನ ಪಟ್ಟಿಯನ್ನು ಆಗಾಗ ಬಿಗಿಗೊಳಿಸುತ್ತದೆ. ಸ್ಪ್ಲಿಟ್ ಎಸಿಗೆ 2018ರಿಂದ ಐಎಸ್‌ಇಇಆರ್ 4.5 ಇದ್ದರೆ ಐದು ಸ್ಟಾರ್ ಸಿಗುತ್ತಿತ್ತು. 2022ರ ಜುಲೈಯಿಂದ ಅದಕ್ಕೆ 5 ಬೇಕಾಯಿತು. ಆದ್ದರಿಂದ ಗೋದಾಮಿನಲ್ಲಿ ಉಳಿದ ಹಳೆಯ ಮಾಲಿನ ಐದು ಸ್ಟಾರ್ ಹೊಸ ಪಟ್ಟಿಯಲ್ಲಿ ನಾಲ್ಕಕ್ಕೆ ಇಳಿದಿರಬಹುದು. ಲೇಬಲ್ಲಿನ ಮೇಲೆ ಅವಧಿ ಅಚ್ಚಾಗಿರುತ್ತದೆ, ಅದನ್ನು ಓದಿಯೇ ದುಡ್ಡು ಕೊಡಬೇಕು.

ಲೇಬಲ್ಲಿನ ಯೂನಿಟ್ ಲೆಕ್ಕ ವರ್ಷಕ್ಕೆ 1600 ಗಂಟೆಯ ಬಳಕೆಯದು, ಹೊರಗಿನ ತಾಪ 24ರಿಂದ 43 ಡಿಗ್ರಿಯವರೆಗೆ ಎಂದು ಹಿಡಿದದ್ದು. ನಮ್ಮ ಬಳಕೆ ಅಷ್ಟಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಎಂಟು ಗಂಟೆ, ಮಾರ್ಚ್ ಮತ್ತು ಜೂನ್‌ನಲ್ಲಿ ಮೂರು ಗಂಟೆ ಎಂದರೂ ಒಟ್ಟು 660 ಗಂಟೆ. ಆ ಪ್ರಕಾರ 230 ಯೂನಿಟ್‌ಗಳ ವ್ಯತ್ಯಾಸ 95ಕ್ಕೆ ಇಳಿಯಿತು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 570 ರೂಪಾಯಿ, ಎರಡು ಯಂತ್ರಗಳ ಬೆಲೆಯ ಅಂತರ 9000. ಹೆಚ್ಚು ಕೊಟ್ಟ ಹಣ ಮರಳಲು ಹದಿನಾರು ವರ್ಷ ಬೇಕು! ನಾವು ಹಚ್ಚುವುದೆಲ್ಲ ಕಡು ಬಿಸಿಲಿನಲ್ಲಿ, ಆಗ ಯಂತ್ರ ಪೂರ್ಣ ಬಲದಿಂದ ಓಡುವುದರಿಂದ ಲೇಬಲ್ಲಿನ ಸರಾಸರಿಗಿಂತ ಗಂಟೆಗೆ ಹೆಚ್ಚು ಎಳೆಯುತ್ತದೆ. ಆ ಕಾರಣಕ್ಕೆ ಉಳಿತಾಯವನ್ನು ಇಮ್ಮಡಿ ಮಾಡಿದರೂ ಎಂಟು ವರ್ಷ. ಮೂರು ಸ್ಟಾರೇ ಸರಿ, ಮಿಕ್ಕ ಹಣದಲ್ಲಿ ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿದರಾಯಿತು ಎಂದು ತೀರ್ಮಾನಿಸಿ ನೋಟ್‌ಬುಕ್ ಮುಚ್ಚಿದೆ.

ನನ್ನ ಹೆಂಡತಿ ಆ ಪುಟವನ್ನು ನೋಡಿ ಹಳೆಯ ಲೈಟ್ ಬಿಲ್ಲುಗಳ ಕಟ್ಟನ್ನು ತಂದಿಟ್ಟಳು. "ಇದರಾಗ ಗೃಹಜ್ಯೋತಿ ಎಲ್ಲಿ ಹಿಡಿದೀರಿ?" ಎಂದಳು.

ನಾನು ಹಿಡಿದಿರಲಿಲ್ಲ. 2023ರ ಆಗಸ್ಟ್‌ನಲ್ಲಿ ನಮ್ಮ ಊರಿನಲ್ಲಿಯೇ ಚಾಲನೆಗೊಂಡ ಉಚಿತ ವಿದ್ಯುತ್ ಯೋಜನೆಯನ್ನೇ ಮರೆತು ಲೆಕ್ಕ ಹಾಕಿದ್ದೆನೆಂಬುದು ಈಗಲೂ ನಾಚಿಕೆಯ ಸಂಗತಿ. ನಮ್ಮ ಮನೆಯ ತಿಂಗಳ ಸರಾಸರಿ 110 ಯೂನಿಟ್. ಅದಕ್ಕೆ ಶೇಕಡಾ 10 ಕೂಡಿಸಿ 121ರವರೆಗೆ ಉಚಿತ. ಅದನ್ನು ದಾಟಿಯೂ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಪೂರ್ತಿ ಬಿಲ್ ನಮ್ಮದು. ಮೇ ತಿಂಗಳಲ್ಲಿ ಯಾವ ಸ್ಟಾರ್ ಇದ್ದರೂ 200 ದಾಟುವುದು ಖಚಿತ. ಆದರೆ ಮಾರ್ಚ್‌ನಲ್ಲಿ ದಿನಕ್ಕೆ ಮೂರು ಗಂಟೆ ಹಚ್ಚಿದರೆ ಮೂರು ಸ್ಟಾರಿನದು ಸುಮಾರು 99 ಯೂನಿಟ್, ಐದು ಸ್ಟಾರಿನದು 76 ಎಳೆಯುತ್ತದೆಂದು ಅಂದಾಜಿಸಿದೆವು. ಮನೆಯ 110 ಸೇರಿದರೆ ಒಂದು ಕಡೆ 209, ಇನ್ನೊಂದು ಕಡೆ 186. ಮೊದಲನೆಯದಕ್ಕೆ ನಿಗದಿತ ಶುಲ್ಕ ಬಿಟ್ಟೇ 1254 ರೂಪಾಯಿ. ಎರಡನೆಯದಕ್ಕೆ 65 ಯೂನಿಟ್ಟಿನ 390. ಜೂನ್‌ನದೂ ಇದೇ ಕಥೆ. ಎರಡು ತಿಂಗಳಿಗೆ 1700 ರೂಪಾಯಿಗಿಂತ ಹೆಚ್ಚು ಉಳಿಯುವುದಾದರೆ, ಏಪ್ರಿಲ್–ಮೇ ಉಳಿತಾಯವೂ ಕೂಡಿ 9000 ರೂಪಾಯಿ ನಾಲ್ಕು ವರ್ಷದೊಳಗೆ ಮರಳುತ್ತದೆ.

ಹೀಗೆ ಐದು ಸ್ಟಾರಿನದೇ ಮನೆಗೆ ಬಂತು. ಯೋಜನೆಯಲ್ಲಿಲ್ಲದ, ಬೇಸಿಗೆಯಲ್ಲಿ ರಾತ್ರಿ ಮಾತ್ರ ಹಚ್ಚುವ ಮನೆಗೆ ನಾನು ಇಂದಿಗೂ ಮೂರು ಸ್ಟಾರನ್ನೇ ಹೇಳುತ್ತೇನೆ. ಹಗಲು ರಾತ್ರಿ ಎಸಿ ಬೇಕಾಗುವ ವಯಸ್ಸಾದವರಿರುವ ಮನೆಗಾದರೆ ಲೆಕ್ಕ ಹಾಕದೆಯೇ ಐದು. ಮಾಳಿಗೆಗೆ ಬಿಳಿ ಬಣ್ಣವನ್ನು ಮುಂದಿನ ವರ್ಷ ಬಳಿಸಿದೆವು. ಎಸಿಯನ್ನು 26ಕ್ಕೆ ಇಟ್ಟು ಫ್ಯಾನ್ ಸಣ್ಣಗೆ ತಿರುಗಿಸಿದರೆ ಸಾಕಾಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಮಾತ್ರ ನನ್ನ ಹೆಂಡತಿ ಸಂಜೆಗೊಮ್ಮೆ ಮೀಟರಿನ ಮುಂದೆ ನಿಂತು ಬರುತ್ತಾಳೆ. "ಇನ್ನ 14 ಉಳದಾವ್ರಿ" ಎಂದಳೆಂದರೆ, ಆ ರಾತ್ರಿ ಕೂಲರಿಗೆ ನೀರು ತುಂಬುವ ಕೆಲಸ ನನ್ನದು.