ಕೆನಡಾದ ಜೂನೊ ಪ್ರಶಸ್ತಿ ಮತ್ತು ಕಾರಿನ ರೇಡಿಯೊ

2012ರ ಕೊನೆಯಲ್ಲಿ ಕೆನಡಾದ ಟೊರೊಂಟೊ ಪಕ್ಕದ ಮಿಸ್ಸಿಸಾಗಾಕ್ಕೆ ಬಂದೆ. ಮೊದಲ ಚಳಿಗಾಲ, ನನ್ನ ಹತ್ತಿರ ಇನ್ನೂ ಕಾರು ಇರಲಿಲ್ಲ. ಆಫೀಸಿನ ಹಿರಿಯರೊಬ್ಬರು, ಕೆನಡಾದವರೇ, ದಿನಾ ಬೆಳಗ್ಗೆ ಮನೆ ಹತ್ತಿರ ಬಂದು ಕರೆದುಕೊಂಡು ಹೋಗುತ್ತಿದ್ದರು. ಹಿಮ ಬಿದ್ದ ದಿನ 401 ಹೈವೇಯಲ್ಲಿ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು, ಅಷ್ಟೂ ಹೊತ್ತು ರೇಡಿಯೊ. ಒಂದು ಹಾಡು ಶುರುವಾದ ಕೂಡಲೇ ಅವರು ಸ್ಟೀರಿಂಗ್ ಮೇಲೆ ಬೆರಳು ತಟ್ಟಿ "ಇದು ನಮ್ಮವರದು" ಅನ್ನುತ್ತಿದ್ದರು. ಒಂದೆರಡು ಹಾಡು ಬಿಟ್ಟು ಮತ್ತೆ "ಇದೂ ನಮ್ಮವರದೇ". ನನಗೆ ಎಲ್ಲ ಇಂಗ್ಲಿಷ್ ಹಾಡೂ ಒಂದೇ ಥರ ಕೇಳಿಸುತ್ತಿದ್ದ ಕಾಲ ಅದು. ಇಷ್ಟು ಲೆಕ್ಕ ಹಾಕಿದಂತೆ ನಿಮ್ಮವರ ಹಾಡು ಹೇಗೆ ಬರುತ್ತವೆ ಅಂತ ಒಂದು ದಿನ ಕೇಳಿಯೇಬಿಟ್ಟೆ. "ಲೆಕ್ಕ ಹಾಕಿಯೇ ಹಾಕ್ತಾರೆ, ಕಾನೂನು ಇದೆ" ಅಂದರು.

ಆ ಕಾನೂನಿನ ಜೊತೆಜೊತೆಗೇ ಬೆಳೆದದ್ದು ಕೆನಡಾದ ಸಂಗೀತ ಪ್ರಶಸ್ತಿ ಜೂನೊ. ಅಮೆರಿಕದ ಗ್ರ್ಯಾಮಿ ಬಗ್ಗೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಬೆಂಗಳೂರಿನ ರಿಕ್ಕಿ ಕೇಜ್ ಮೂರು ಸಲ ಗೆದ್ದಿದ್ದಾರೆ. ಜೂನೊ ಹೆಸರು ಕೆನಡಾ ಬಿಟ್ಟು ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಒಬ್ಬ ಕನ್ನಡಿಗನಾಗಿ ನೋಡಿದರೆ ನನಗೆ ಗ್ರ್ಯಾಮಿಗಿಂತ ಜೂನೊ ಕಥೆಯೇ ಹತ್ತಿರದ್ದು. ಪಕ್ಕದ ದೊಡ್ಡ ಮನೆಯ ಗದ್ದಲದಲ್ಲಿ ತನ್ನ ದನಿ ತನಗೇ ಕೇಳಿಸದಂತೆ ಆದವರ ಕಥೆ ಅದು.

1960ರ ದಶಕದಲ್ಲಿ ಕೆನಡಾದ ರೇಡಿಯೊ ಹಾಕಿದರೆ ಬರುತ್ತಿದ್ದದ್ದು ಹೆಚ್ಚಾಗಿ ಅಮೆರಿಕದ ಹಾಡುಗಳು. ಇಲ್ಲಿನ ಹುಡುಗರು ರೆಕಾರ್ಡ್ ಮಾಡಿ ತಂದುಕೊಟ್ಟರೆ, ಮೊದಲು ಅಮೆರಿಕದಲ್ಲಿ ಹಿಟ್ ಆಗಲಿ ಆಮೇಲೆ ನೋಡೋಣ ಅನ್ನುವ ಧೋರಣೆ. ಹಾಗಾಗಿ ನೀಲ್ ಯಂಗ್, ಜೋನಿ ಮಿಚೆಲ್ ಥರದವರು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು. 1964ರಲ್ಲಿ ಟೊರೊಂಟೊದಲ್ಲಿ ವಾಲ್ಟ್ ಗ್ರೀಲಿಸ್ ಅನ್ನುವವರು ಆರ್‌ಪಿಎಂ ಅಂತ ಒಂದು ಸಣ್ಣ ಪತ್ರಿಕೆ ಶುರುಮಾಡಿದರು. ಆ ಮನುಷ್ಯ ಮೊದಲು ಪೊಲೀಸ್ ಕೆಲಸದಲ್ಲಿದ್ದವರು. ರೇಡಿಯೊದವರು, ರೆಕಾರ್ಡ್ ಅಂಗಡಿಯವರು, ಕಂಪನಿಯವರು ಓದುತ್ತಿದ್ದ ಪತ್ರಿಕೆ. ವರ್ಷದ ಕೊನೆಗೆ ಓದುಗರಿಂದ ವೋಟು ಹಾಕಿಸಿ, ಯಾರು ಒಳ್ಳೆಯ ಗಾಯಕ, ಯಾರು ಒಳ್ಳೆಯ ಗಾಯಕಿ ಅಂತ ಪ್ರಕಟಿಸುತ್ತಿದ್ದರು. ಅಷ್ಟೇ, ಸಮಾರಂಭ ಏನೂ ಇಲ್ಲ.

1970ರ ಫೆಬ್ರವರಿ 23ರಂದು ಟೊರೊಂಟೊದ ಸೇಂಟ್ ಲಾರೆನ್ಸ್ ಹಾಲ್‌ನಲ್ಲಿ ಮೊದಲ ಸಮಾರಂಭ ನಡೆಯಿತು. ಆಗ ಅದರ ಹೆಸರು ಗೋಲ್ಡ್ ಲೀಫ್ ಅವಾರ್ಡ್ಸ್. ಆ ಹಾಲ್ ಈಗಲೂ ಇದೆ, ಸೇಂಟ್ ಲಾರೆನ್ಸ್ ಮಾರ್ಕೆಟ್‌ಗೆ ತರಕಾರಿ ತರಲು ಹೋದಾಗೆಲ್ಲ ಅದರ ಮುಂದೆ ಹಾದುಹೋಗುತ್ತೇನೆ. ಗ್ರೀಲಿಸ್ ಅವರ ಗೆಳೆಯ ಸ್ಟ್ಯಾನ್ ಕ್ಲೀಸ್ ಟ್ರೋಫಿ ಮಾಡಿದರು, ವಾಲ್ನಟ್ ಮರದಲ್ಲಿ, ಸಂಗೀತ ಕಲಿಯುವವರು ತಾಳಕ್ಕೆ ಇಟ್ಟುಕೊಳ್ಳುವ ಮೆಟ್ರೊನೋಮ್ ಆಕಾರದಲ್ಲಿ.

ಮರುವರ್ಷ ಹೆಸರು ಬದಲಾಯಿತು. ಓದುಗರಿಂದಲೇ ಹೆಸರು ಕೇಳಿದ್ದರು, ಬಂದದ್ದು ಪಿಯೇರ್ ಜುನೋ ಅನ್ನುವವರ ಹೆಸರು. ಇವರು ಹಾಡುಗಾರರಲ್ಲ. ರೇಡಿಯೊ, ಟಿವಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಸಿಆರ್‌ಟಿಸಿಯ ಮೊದಲ ಅಧ್ಯಕ್ಷರು. ಅವರ ಹೆಸರಿನ ಫ್ರೆಂಚ್ ಸ್ಪೆಲಿಂಗ್ ಚಿಕ್ಕದು ಮಾಡಿ ಜೂನೊ ಅಂತ ಇಟ್ಟರು, ರೋಮನ್ನರ ದೇವತೆಯ ಹೆಸರೂ ಅದೇ ಆದ್ದರಿಂದ ಚೆನ್ನಾಗಿಯೇ ಹೊಂದಿಕೊಂಡಿತು. ಒಬ್ಬ ಅಧಿಕಾರಿಯ ಹೆಸರನ್ನು ದೇಶದ ದೊಡ್ಡ ಸಂಗೀತ ಪ್ರಶಸ್ತಿಗೆ ಇಟ್ಟಿದ್ದಾರೆ ಅಂದರೆ ಯೋಚನೆ ಮಾಡಿ. ಅವರ ಕಾಲದಲ್ಲೇ, 1971ರ ಜನವರಿಯಿಂದ, ಎಎಂ ರೇಡಿಯೊಗಳಲ್ಲಿ ಹಾಕುವ ಹಾಡುಗಳಲ್ಲಿ ಕನಿಷ್ಠ ಶೇ. 30ರಷ್ಟು ಕೆನಡಾದ್ದೇ ಆಗಿರಬೇಕು ಅಂತ ನಿಯಮ ಬಂತು. 1999ರಲ್ಲಿ ಅದು ಶೇ. 35 ಆಯಿತು.

ಕೆನಡಾದ ಹಾಡು ಅಂದರೆ ಯಾವುದು ಅಂತ ತೀರ್ಮಾನಿಸಲೂ ಒಂದು ಲೆಕ್ಕ ಇದೆ, ಇದನ್ನೂ ಕ್ಲೀಸ್ ಅವರೇ ಮಾಡಿದ್ದು. ರಾಗ ಹಾಕಿದವರು, ಹಾಡಿದವರು, ರೆಕಾರ್ಡ್ ಆದ ಜಾಗ, ಸಾಹಿತ್ಯ ಬರೆದವರು. ಈ ನಾಲ್ಕರಲ್ಲಿ ಎರಡು ಕೆನಡಾದ್ದಾದರೆ ಸಾಕು. ಇದರಲ್ಲಿ ತೊಂದರೆಯೂ ಆಗಿದೆ. 1991ರಲ್ಲಿ ಬ್ರಯನ್ ಆಡಮ್ಸ್ ಅವರ ಆಲ್ಬಮ್ ಈ ಲೆಕ್ಕದಲ್ಲಿ ಕೆನಡಾದ್ದು ಅಂತ ಪಾಸಾಗಲಿಲ್ಲ. ಹಾಡುಗಳನ್ನು ಹೊರಗಿನವರ ಜೊತೆ ಸೇರಿ ಬರೆದಿದ್ದರು, ರೆಕಾರ್ಡಿಂಗೂ ಹೆಚ್ಚಾಗಿ ಹೊರಗೇ ಆಗಿತ್ತು. ಪ್ರಪಂಚಕ್ಕೆಲ್ಲ ಗೊತ್ತಿರುವ ಕೆನಡಾದ ಹುಡುಗ ತನ್ನ ದೇಶದ ರೇಡಿಯೊಗೇ ಪರದೇಶಿ ಆದ! ಆಮೇಲೆ ನಿಯಮವನ್ನು ಸ್ವಲ್ಪ ಸಡಿಲ ಮಾಡಿದರು. ಇಂಥ ಎಡವಟ್ಟುಗಳಿದ್ದರೂ ನನ್ನ ಪ್ರಕಾರ ಈ ನಿಯಮ ಇಲ್ಲದಿದ್ದರೆ ಜೂನೊ ಬರೀ ಒಂದು ರಾತ್ರಿಯ ಊಟದ ಕೂಟ ಆಗಿ ಉಳಿಯುತ್ತಿತ್ತು. ವರ್ಷಪೂರ್ತಿ ಕಿವಿಗೆ ಬಿದ್ದ ಹಾಡಿಗೆ ಪ್ರಶಸ್ತಿ ಕೊಟ್ಟರೆ ಜನ ಟಿವಿ ಮುಂದೆ ಕೂರುತ್ತಾರೆ. ಯಾರೂ ಕೇಳದ ಹಾಡಿಗೆ ಎಷ್ಟು ದೊಡ್ಡ ಟ್ರೋಫಿ ಕೊಟ್ಟರೆ ಏನು ಬಂತು?

ನಾನು ಇಲ್ಲಿಗೆ ಬರುವ ಮುಂಚೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೆ. ಆ ಶುರುವಿನ ವರ್ಷಗಳಲ್ಲಿ ಖಾಸಗಿ ಎಫ್‌ಎಂ ಹಾಕಿದರೆ ಹಿಂದಿ ಹಾಡೇ ಹಾಡು. ಬಿಎಂಟಿಸಿ ಬಸ್ಸಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದು ಕನ್ನಡ ಹಾಡಿಗಾಗಿ ಸ್ಟೇಷನ್ ಬದಲಾಯಿಸುತ್ತಾ ಕೂತ ಬೆಳಗುಗಳು ನನಗೆ ಚೆನ್ನಾಗಿ ನೆನಪಿವೆ. ಕನ್ನಡ ಹಾಡು ಹಾಕಿದರೆ ಯಾರೂ ಕೇಳಲ್ಲ, ಜಾಹೀರಾತು ಬರಲ್ಲ ಅನ್ನುವ ಮಾತಿತ್ತು. ಕೇಳುಗರು ಪಟ್ಟುಹಿಡಿದು ಕೇಳಿದ ಮೇಲೆ, ಕನ್ನಡ ಹಾಕಿದರೂ ಸ್ಟೇಷನ್ ನಡೆಯುತ್ತದೆ ಅಂತ ಗೊತ್ತಾದ ಮೇಲೆ, ನಿಧಾನಕ್ಕೆ ಬದಲಾಯಿತು. ಹಾಗಾಗಿ 401ರ ಮೇಲೆ ಆ ಹಿರಿಯರು ಕಾನೂನು ಇದೆ ಅಂದಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಹೀಗೂ ಮಾಡಬಹುದಿತ್ತಾ ಅನ್ನಿಸಿತು.

ಅದೇ ಚಳಿಗಾಲ, 2013ರ ಮಾರ್ಚ್ 6ರಂದು ಸ್ಟಾಂಪಿನ್ ಟಾಮ್ ಕಾನರ್ಸ್ ತೀರಿಕೊಂಡರು. ಆಲೂಗಡ್ಡೆ ಲಾರಿ, ಹಾಕಿ ಆಟ, ಗಣಿ ಊರು, ಇಂಥದ್ದನ್ನೇ ಹಾಡಿದ ಮನುಷ್ಯ. ಹಾಡುವಾಗ ಬೂಟುಗಾಲಲ್ಲಿ ಪ್ಲೈವುಡ್ ಹಲಗೆ ತುಳಿದು ತಾಳ ಹಾಕುತ್ತಿದ್ದರು, ಅದಕ್ಕೇ ಆ ಹೆಸರು. ರೇಡಿಯೊದಲ್ಲಿ ಅವರದೇ ಹಾಡುಗಳು. ನಮ್ಮ ಹಿರಿಯರು ಆ ದಿನ ಬೆರಳು ತಟ್ಟಲಿಲ್ಲ, ಸುಮ್ಮನೆ ಓಡಿಸುತ್ತಿದ್ದರು. ಆಮೇಲೆ ತಾವಾಗಿಯೇ ಆರು ಜೂನೊಗಳ ಕಥೆ ಹೇಳಿದರು. 1978ರಲ್ಲಿ ಟಾಮ್ ತಾವು ಗೆದ್ದ ಆರೂ ಜೂನೊಗಳನ್ನು ವಾಪಸ್ ಕಳಿಸಿಬಿಟ್ಟರು. ದೇಶ ಬಿಟ್ಟು ಅಮೆರಿಕದಲ್ಲಿ ಮನೆ ಮಾಡಿಕೊಂಡವರಿಗೇ ಪ್ರಶಸ್ತಿ ಕೊಡುತ್ತೀರಿ, ಇಲ್ಲೇ ಇದ್ದು ಊರೂರು ತಿರುಗಿ ಹಾಡುವವರನ್ನು ಕೇಳುವವರಿಲ್ಲ ಅನ್ನುವುದು ಅವರ ಸಿಟ್ಟು. ಅಂಥವರಿಗೆ ಜೂನೊ ಜಂಪರ್ಸ್ ಅಂತ ಹೆಸರಿಟ್ಟರು. ಆಮೇಲೆ ಸುಮಾರು ಹತ್ತು ವರ್ಷ ಹಾಡುಗಾರಿಕೆಯಿಂದಲೇ ದೂರ ಉಳಿದರು. ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು ಅಂತಲೇ ನಾನು ನಂಬುತ್ತೇನೆ, ಆದರೆ ಹೊರನಾಡಿನಲ್ಲಿ ಕೂತು ಇದನ್ನು ಬರೆಯುತ್ತಿರುವ ನನಗೆ ಹೊಟ್ಟೆಪಾಡಿಗೆ ಗಡಿ ದಾಟಿದವರನ್ನು ಬಯ್ಯಲು ಮನಸ್ಸು ಬರುವುದಿಲ್ಲ.

ಇನ್ನು ಪ್ರಶಸ್ತಿ ನಡೆಯುವ ರೀತಿ. 1975ರಲ್ಲಿ ಮೊದಲ ಸಲ ಸಿಬಿಸಿ ಟಿವಿಯಲ್ಲಿ ಬಂತು, ಪಾಲ್ ಆಂಕಾ ನಿರೂಪಣೆ. ಈಗ ಇದನ್ನು ನಡೆಸುವುದು ಕ್ಯಾರಾಸ್ ಅನ್ನುವ ಅಕಾಡೆಮಿ. ಕಲಾವಿದರು ಅಥವಾ ಕಂಪನಿಯವರು ಶುಲ್ಕ ಕಟ್ಟಿ ಹಾಡು ಕಳಿಸಬೇಕು. ಕಲಾವಿದರು ಇಲ್ಲಿನ ಪ್ರಜೆ ಅಥವಾ ಪರ್ಮನೆಂಟ್ ರೆಸಿಡೆಂಟ್ (ಪಿಆರ್, ಅಂದರೆ ಕಾಯಂ ವಾಸಕ್ಕೆ ಅನುಮತಿ ಪಡೆದವರು) ಆಗಿರಬೇಕು. ಕೆಲವು ವಿಭಾಗಗಳಲ್ಲಿ ಅಕಾಡೆಮಿ ಸದಸ್ಯರು ವೋಟು ಹಾಕುತ್ತಾರೆ, ಕೆಲವಕ್ಕೆ ತೀರ್ಪುಗಾರರು, ಕೆಲವಕ್ಕೆ ಮಾರಾಟ ಮತ್ತು ಸ್ಟ್ರೀಮಿಂಗ್ ಲೆಕ್ಕವೂ ಸೇರುತ್ತದೆ. ಫ್ಯಾನ್ ಚಾಯ್ಸ್‌ಗೆ ಮಾತ್ರ ಜನರ ವೋಟು. ನಲವತ್ತಕ್ಕೂ ಹೆಚ್ಚು ವಿಭಾಗಗಳಿವೆ, ಆದರೆ ಟಿವಿಯಲ್ಲಿ ಕೊಡುವುದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಅದಕ್ಕೂ ಮುಂಚೆ ಬೇರೆ ಸಭೆಯಲ್ಲಿ ಮುಗಿದುಹೋಗುತ್ತದೆ. 1991ರಲ್ಲಿ ವ್ಯಾಂಕೂವರ್‌ಗೆ ಹೋದಾಗಿನಿಂದ ಸಮಾರಂಭ ಊರೂರು ತಿರುಗುತ್ತದೆ. ನಮ್ಮ ಸಾಹಿತ್ಯ ಸಮ್ಮೇಳನ ಒಂದೊಂದು ವರ್ಷ ಒಂದೊಂದು ಊರಲ್ಲಿ ಆಗುತ್ತಲ್ವಾ, ಹಾಗೆ. ಊರಿಗೆ ಜೂನೊ ಬಂದರೆ ಆ ವಾರ ಸಣ್ಣ ಸಣ್ಣ ಬಾರುಗಳಲ್ಲೂ ಹಾಡು.

ಟಿವಿಯಲ್ಲಿ ಯಾವುದನ್ನು ತೋರಿಸುತ್ತಾರೆ ಅನ್ನುವುದೇ ದೊಡ್ಡ ಜಗಳ ಆಗಿದ್ದೂ ಉಂಟು. 1998ರಲ್ಲಿ ವ್ಯಾಂಕೂವರ್‌ನ ರ‍್ಯಾಸ್ಕಲ್ಸ್ ಅನ್ನುವ ರ‍್ಯಾಪ್ ತಂಡ ಗೆದ್ದ ಜೂನೊವನ್ನೇ ಬೇಡ ಅಂದಿತು. ರ‍್ಯಾಪ್‌ಗೆ 1991ರಿಂದಲೇ ಪ್ರಶಸ್ತಿ ಇತ್ತು, ಆದರೆ ಟಿವಿಯಲ್ಲಿ ಬರದ ಭಾಗದಲ್ಲಿ ಕೊಟ್ಟು ಕಳಿಸುತ್ತಿದ್ದರು. ಕಪ್ಪು ಜನರ ಸಂಗೀತಕ್ಕೆ ಹಿಂದಿನ ಬಾಗಿಲು ಯಾಕೆ ಅನ್ನುವುದು ಅವರ ಪ್ರಶ್ನೆ. ಮರುವರ್ಷ ಹ್ಯಾಮಿಲ್ಟನ್‌ನಲ್ಲಿ ರ‍್ಯಾಪ್ ಪ್ರಶಸ್ತಿ ಟಿವಿ ಭಾಗಕ್ಕೆ ಬಂತು, ಅದೇ ತಂಡ ವೇದಿಕೆಯಲ್ಲಿ ಹಾಡಿತು. ಎಲ್ಲ ಸರಿಹೋಯಿತು ಅಂತಲ್ಲ. 2011ರಲ್ಲಿ ಟೊರೊಂಟೊದಲ್ಲಿ ರ‍್ಯಾಪರ್ ಡ್ರೇಕ್ ನಿರೂಪಣೆ ಮಾಡಿದರು, ಆ ವರ್ಷ ಅತಿ ಹೆಚ್ಚು ನಾಮನಿರ್ದೇಶನ ಅವರದೇ. ಒಂದೂ ಬರಲಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಫ್ರೆಂಚ್ ಮಾತಾಡುವ ಪ್ರಾಂತ್ಯ ಕ್ವಿಬೆಕ್ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಅಲ್ಲಿನ ಫ್ರೆಂಚ್ ಜನ ಜೂನೊ ನಮಗೆ ಸಾಲದು ಅಂತ 1979ರಿಂದ ತಮ್ಮದೇ ಪ್ರಶಸ್ತಿ ಇಟ್ಟುಕೊಂಡಿದ್ದಾರೆ, ಕವಿ ಮತ್ತು ಹಾಡುಗಾರ ಫೆಲಿಕ್ಸ್ ಲೆಕ್ಲೇರ್ ಹೆಸರಲ್ಲಿ ಫೆಲಿಕ್ಸ್. ಫ್ರೆಂಚ್ ರೇಡಿಯೊಗಳಲ್ಲಿ ಶೇ. 65ರಷ್ಟು ಹಾಡು ಫ್ರೆಂಚಿನಲ್ಲೇ ಇರಬೇಕು. 1990ರಲ್ಲಿ ಅಲ್ಲಿನ ಗಾಯಕಿ ಸೆಲೀನ್ ಡಿಯಾನ್ ಮೊದಲ ಇಂಗ್ಲಿಷ್ ಆಲ್ಬಮ್ ಮಾಡಿದಾಗ ಅವರಿಗೆ ವರ್ಷದ ಇಂಗ್ಲಿಷ್ ಕಲಾವಿದೆ ಅಂತ ಫೆಲಿಕ್ಸ್ ಕೊಟ್ಟರು. ಆಕೆ ವೇದಿಕೆ ಮೇಲೆಯೇ ಬೇಡ ಅಂದರು. ನಾನು ಇಂಗ್ಲಿಷಿನವಳಲ್ಲ ಅಂತ. ಆಗ ಆಕೆಗೆ 22 ವರ್ಷ. ಇದನ್ನು ನಾನು ಎಷ್ಟು ಜನ ಕನ್ನಡ ಗೆಳೆಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬೇರೆ ಭಾಷೆಯಲ್ಲಿ ಹಾಡಿ ದುಡಿಯುವುದು ಒಂದು, ತನ್ನ ಭಾಷೆ ಯಾವುದು ಅಂತ ಎದೆ ಮುಟ್ಟಿ ಹೇಳುವುದು ಇನ್ನೊಂದು. ಆಕೆಗೆ ಎರಡೂ ಗೊತ್ತಿತ್ತು.

ನಮ್ಮವರ ಕಡೆಗೆ ಜೂನೊ ಬಾಗಿಲು ತೆರೆದದ್ದು ಈಚೆಗೆ. 2024ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಕರಣ್ ಔಜ್ಲಾ ಪಂಜಾಬಿಯಲ್ಲಿ ಹಾಡಿದರು, ಫ್ಯಾನ್ ಚಾಯ್ಸ್ ಪ್ರಶಸ್ತಿಯನ್ನೂ ಗೆದ್ದರು. ಆ ರಾತ್ರಿ ಪಕ್ಕದ ಮನೆಯ ಪಂಜಾಬಿ ಕುಟುಂಬ ಮಕ್ಕಳಿಂದ ಅಜ್ಜಿಯವರೆಗೆ ಡ್ರೈವ್‌ವೇಗೆ ಬಂದು ಕುಣಿದರು, ಹೊರಗೆ ಇನ್ನೂ ಚಳಿ. 2025ರಲ್ಲಿ ದಕ್ಷಿಣ ಏಷ್ಯಾ ಸಂಗೀತಕ್ಕೇ ಒಂದು ಹೊಸ ವಿಭಾಗ ಬಂತು, ಮೊದಲ ಪ್ರಶಸ್ತಿ ಎಪಿ ಧಿಲ್ಲೋನ್‌ಗೆ. ಪಂಜಾಬಿಗಳದ್ದು ನೋಡಿ ಕಲಿಯುವುದಿದೆ. ಅವರಲ್ಲಿ ಹಾಡು ಹಾಡುಗಾರನದ್ದು. ನಮ್ಮಲ್ಲಿ ಹಾಡು ಕೇಳಿಸಿದರೆ ಮೊದಲ ಪ್ರಶ್ನೆ "ಯಾವ ಫಿಲ್ಮು?" ಭಾವಗೀತೆಯ ಅಂಥ ದೊಡ್ಡ ಪರಂಪರೆ ಇದ್ದು, ಶಿಶುನಾಳ ಶರೀಫರ ತತ್ವಪದಗಳಿದ್ದು, ಈಗ ರ‍್ಯಾಪ್ ಮಾಡುವ ಹುಡುಗರಿದ್ದು, ಇಲ್ಲಿನ ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಹಾಡುವುದು ಹೆಚ್ಚಾಗಿ ಸಿನಿಮಾ ಹಾಡಿನ ಕರೋಕೆ. ಸಿನಿಮಾ ಹಾಡು ನನಗೂ ಪ್ರಾಣ. ಆದರೂ ಸ್ವಂತದ್ದೊಂದು ಇರಲಿ ಅನ್ನಿಸುತ್ತದೆ.

ಬ್ರ್ಯಾಂಪ್ಟನ್‌ನಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಇದ್ದಾನೆ. ಬಾಡಿಗೆ ಬೇಸ್‌ಮೆಂಟ್‌ನಲ್ಲಿ ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ, ಸದ್ದು ಹೊರಗೆ ಹೋಗದಂತೆ ಮಾಡಿ, ರಾತ್ರಿ ಪಾಳಿ ಮುಗಿಸಿ ಬಂದು ಕನ್ನಡದಲ್ಲಿ ರ‍್ಯಾಪ್ ಮಾಡುತ್ತಾನೆ. ಬೀಟ್ ಅವನದೇ, ಮಾತು ಅವನದೇ. ಹೊಸ ವಿಭಾಗದ ಸುದ್ದಿ ಓದಿ ಫೋನ್ ಮಾಡಿದ. "ಅಣ್ಣಾರ, ನಮ್ಮ ಹಾಡೂ ಕಳಸಬಹುದೇನ್ರಿ?" ಅವನಿಗೆ ಪಿಆರ್ ಆಗಿದೆ. ಕ್ಲೀಸ್ ಅವರ ಲೆಕ್ಕದಲ್ಲಿ ಕೂತು ನೋಡಿದೆವು. ರಾಗ, ಹಾಡುಗಾರ, ಜಾಗ, ಸಾಹಿತ್ಯ, ನಾಲ್ಕಕ್ಕೆ ನಾಲ್ಕೂ ಬಂತು. ಧಾರವಾಡದ ಕನ್ನಡದಲ್ಲಿ, ಜಿಟಿಜಿಟಿ ಮಳೆ ಬಗ್ಗೆ ಇರುವ ಹಾಡು, ಪೂರ್ತಿ ಕೆನಡಾದ ಹಾಡು. ಅವನಿಗೆ ನಂಬಲೇ ಆಗಲಿಲ್ಲ.

ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ಹಿರಿಯರು ಈಗ ರಿಟೈರ್ ಆಗಿ ಪೀಟರ್‌ಬರೋ ಹತ್ತಿರ ಇದ್ದಾರೆ. ಅವರಿಗೂ ಆ ಹಾಡು ಕಳಿಸಿದೆ. ಎರಡು ಸಲ ಕೇಳಿದರಂತೆ, ಒಂದು ಪದವೂ ಅರ್ಥವಾಗಲಿಲ್ಲ, ತಾಳ ಚೆನ್ನಾಗಿದೆ ಅಂದರು. ಆಮೇಲೆ "ಯಾವ ಸ್ಟೇಷನ್‌ನಲ್ಲಿ ಬರುತ್ತೆ?" ಅಂತ ಕೇಳಿದರು. ಇನ್ನೂ ಯಾವುದರಲ್ಲೂ ಇಲ್ಲ, ಕಳಿಸ್ತಾ ಇದ್ದೇವೆ ಅಂದೆ.