ದನ ಕೊಟ್ಟಿಗೆ ಸೇರುವ ಹಬ್ಬ

ಅಕ್ಟೋಬರ್ ಬಂತೆಂದರೆ ಭೂತಗಳ ಹಬ್ಬ ಹ್ಯಾಲೋವೀನ್‌ಗಾಗಿ ಐರ್ಲೆಂಡಿನ ಸೂಪರ್‌ಮಾರ್ಕೆಟ್‌ಗಳ ಬಾಗಿಲಲ್ಲೇ ಪ್ಲಾಸ್ಟಿಕ್ ಅಸ್ಥಿಪಂಜರಗಳು ನೇತಾಡುತ್ತವೆ. ಮಲೆನಾಡಿನ ಸಾಗರದಿಂದ ನಮ್ಮ ಮನೆಗೆ ಬಂದಿದ್ದ ಅಮ್ಮ ಅದನ್ನು ನೋಡಿ, "ಅಂಗಡಿ ಬಾಗಿಲಲ್ಲಿ ಇಂಥದ್ದನ್ನ ಕಟ್ಟಿದರೆ ವ್ಯಾಪಾರ ಆಗತ್ತಾ?" ಅಂದಳು. ಆಗತ್ತಮ್ಮ, ಜಾಸ್ತೀನೇ ಆಗತ್ತೆ ಅಂದೆ.

ನಾವಿರುವುದು ಮೀತ್ ಕೌಂಟಿಯಲ್ಲಿ. ಆಫೀಸಿನ ಗೆಳೆಯನೊಬ್ಬನ ಊರು ಅಲ್ಲೇ ಆತ್‌ಬಾಯ್ ಹತ್ತಿರ. ಅವನ ತಾಯಿ ಇನ್ನೂ ದನ ಸಾಕುತ್ತಾರೆ. ಹ್ಯಾಲೋವೀನ್ ದಿನ ಅಮ್ಮನನ್ನೂ ಕರಕೊಂಡು ಊಟಕ್ಕೆ ಬಾ ಅಂದ. 31ರ ಮಧ್ಯಾಹ್ನ ಹೋದೆವು.

ಕಾರಿಂದ ಇಳಿದ ಅಮ್ಮ ಮನೆ ಕಡೆ ಹೋಗಲೇ ಇಲ್ಲ. ಸಗಣಿ ವಾಸನೆ ಹಿಡಿದು ಸೀದಾ ಕೊಟ್ಟಿಗೆಗೆ ನಡೆದಳು. ಒಳಗೆ ಕಪ್ಪು ದನಗಳು ಸಾಲಾಗಿ ನಿಂತು ಮೇವು ತಿನ್ನುತ್ತಿದ್ದವು. "ಹೊರಗೆ ಇಷ್ಟು ಹಸಿರು ಹುಲ್ಲಿದೆ, ಇವನ್ನ ಯಾಕೆ ಕೂಡಿ ಹಾಕಿದ್ದಾರೆ ಕೇಳು" ಅಂದಳು. ಕೇಳಿದೆ. ಗೆಳೆಯನ ತಾಯಿ, ಆ ಅಜ್ಜಿ, ಗದ್ದೆ ಕಡೆ ಕೈ ತೋರಿಸಿದರು. "ನೆಲ ನೀರು ಕುಡಿದಿದೆ. ಈಗ ಬಿಟ್ಟರೆ ತುಳಿದು ಕೆಸರು ಮಾಡ್ತವೆ, ಮುಂದಿನ ವರ್ಷ ಹುಲ್ಲು ಬರಲ್ಲ. ಹ್ಯಾಲೋವೀನ್ ಹೊತ್ತಿಗೆ ಒಳಗೆ, ಮಾರ್ಚ್ ಹೊತ್ತಿಗೆ ಹೊರಗೆ."

ಹ್ಯಾಲೋವೀನ್‌ಗೆ ಮೂಲವಾದ, ಇಲ್ಲಿನ ಪ್ರಾಚೀನ ಕೆಲ್ಟ್ ಜನರ ಸೌವಿನ್ ಅನ್ನುವ ಹಬ್ಬದ ತಿರುಳು ಇದೇ ಅಂತ ನನಗೆ ಅನಿಸುವುದು. ಬೇಸಿಗೆ ಮುಗಿದು ಚಳಿಗಾಲ ಶುರುವಾಗುವ ದಿನ. ಮೇ 1ರ ಬೆಲ್ಟನ್ ಹಬ್ಬಕ್ಕೆ ಮೇಯಲು ದೂರ ಹೋದ ದನ ಸೌವಿನ್‌ಗೆ ವಾಪಸ್ ಬರುತ್ತಿದ್ದವು. ಚಳಿಗಾಲ ಪೂರ್ತಿ ಮೇವು ಹಾಕಿ ಸಾಕಲಾಗದವನ್ನು ಕಡಿಯುತ್ತಿದ್ದರು. ಎಷ್ಟೋ ಶತಮಾನದ ಮೇಲೂ ಇಲ್ಲಿ ಜಮೀನ್ದಾರರಿಗೆ ಗೇಣಿ ಕಟ್ಟುವ ದಿನಗಳು ಮೇ 1 ಮತ್ತು ನವೆಂಬರ್ 1 ಆಗಿದ್ದವು. ಕೆಲ್ಟರ ಲೆಕ್ಕದಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದ ಮೇಲೆ, ಹಾಗಾಗಿ ಹಬ್ಬ ಅಕ್ಟೋಬರ್ 31ರ ಸಂಜೆಗೇ ಶುರು. ಕಾಲ ಮಗ್ಗಲು ಬದಲಿಸುವ ಆ ರಾತ್ರಿ ದಿಬ್ಬಗಳ ಬಾಗಿಲು ತೆರೆದು ಆಚೆ ಲೋಕದವರು ಓಡಾಡುತ್ತಾರೆ, ಸತ್ತವರು ಮನೆಗೆ ಬರುತ್ತಾರೆ ಅನ್ನುವ ನಂಬಿಕೆ. ಅವರಿಗಾಗಿ ಒಲೆ ಆರಿಸದೆ, ಕುರ್ಚಿ ಖಾಲಿ ಬಿಟ್ಟು ಮಲಗುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟೇ ವಿಮಾನ ಹತ್ತಿದ್ದ ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ. ನವೆಂಬರ್ 1 ಸಕಲ ಸಂತರ ದಿನವಾಗಿ ಚರ್ಚಿನ ಪಂಚಾಂಗದಲ್ಲಿ ಗಟ್ಟಿಯಾದದ್ದು ಒಂಬತ್ತನೇ ಶತಮಾನದಲ್ಲಿ. ಹ್ಯಾಲೋವೀನ್ ಅನ್ನುವ ಹೆಸರು ಬಂದದ್ದು ಅದರ ಹಿಂದಿನ ರಾತ್ರಿಯಿಂದ.

ಅಡುಗೆಮನೆ ಕಿಟಕಿಯಿಂದ ಹಿಲ್ ಆಫ್ ವಾರ್ಡ್ ಕಾಣುತ್ತಿತ್ತು. ಹಳೇ ಹೆಸರು ಟ್ಲಾಖ್ಟ. ಗುಡ್ಡ ಅಂದರೆ ಮಲೆನಾಡಿನವರು ನಗಬೇಕು, ಅಷ್ಟು ತಗ್ಗು. ಮೇಲೆ ಒಂದರೊಳಗೊಂದು ಸುತ್ತಿದ ಮಣ್ಣಿನ ದಿಂಡುಗಳಿವೆ. ಸೌವಿನ್ ರಾತ್ರಿ ದೇಶದ ಒಲೆಗಳನ್ನೆಲ್ಲ ಆರಿಸಿ, ಇಲ್ಲಿ ಹೊತ್ತಿಸಿದ ಬೆಂಕಿಯಿಂದಲೇ ಮತ್ತೆ ಹಚ್ಚಬೇಕಿತ್ತು ಅಂತ 17ನೇ ಶತಮಾನದ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿದ್ದಾನೆ. ಅವನು ಬರೆದದ್ದು ಆ ಕಾಲ ಮುಗಿದು ಎಷ್ಟೋ ನೂರು ವರ್ಷದ ಮೇಲೆ, ಪೂರ್ತಿ ನಂಬಲಾಗದು. ಕಥೆ ಮಾತ್ರ ಚೆನ್ನಾಗಿದೆ.

ಅಜ್ಜಿ ನನ್ನ ಮುಂದೆ ಟರ್ನಿಪ್ ಅನ್ನುವ ಗೆಡ್ಡೆಯೊಂದನ್ನು ಇಟ್ಟರು. ಕುಂಬಳಕಾಯಿ ಬರುವ ಮೊದಲು ಇಲ್ಲಿ ಭೂತದ ಮುಖ ಕೊರೆಯುತ್ತಿದ್ದದ್ದು ಇದರಲ್ಲೇ. ನೇರಳೆ ಸಿಪ್ಪೆ, ಒಳಗೆ ಹಳದಿ, ಕಲ್ಲಿನ ಹಾಗೆ ಗಟ್ಟಿ. ತಲೆ ಕತ್ತರಿಸುವಷ್ಟರಲ್ಲಿ ಚಾಕು ಸಿಕ್ಕಿಕೊಂಡಿತು. ಚಮಚದಿಂದ ತೋಡಲು ಹೋದರೆ ಚಮಚವೇ ಬಗ್ಗಿತು. ಬೆರಳಿನಷ್ಟು ಗುಂಡಿ ಆಗುವ ಹೊತ್ತಿಗೆ ಹೆಬ್ಬೆರಳ ಬುಡ ಕೆಂಪಗೆ. ಅಮ್ಮ ಕಿತ್ತುಕೊಂಡು, ಮಣೆ ಮೇಲಿಟ್ಟು, ಚಾಕುವಿನ ತುದಿಯಿಂದ ಚೌಕ ಚೌಕ ಗೀರಿ ಚೂರು ಎಬ್ಬಿಸತೊಡಗಿದಳು. ಕಣ್ಣು ಎರಡು, ಹಲ್ಲು ನಾಲ್ಕು. ಒಳಗೆ ಮೇಣದಬತ್ತಿ ಹಚ್ಚಿದಾಗ ಸುಟ್ಟ ಮೂಲಂಗಿಯಂಥ ವಾಸನೆ ಅಡುಗೆಮನೆ ತುಂಬಿತು. ಕುಂಬಳಕಾಯಿ ನಗುತ್ತದೆ, ಟರ್ನಿಪ್ ಹಾಗಲ್ಲ. ಕ್ಯಾಸಲ್‌ಬಾರ್ ಹತ್ತಿರದ ಟರ್ಲೋ ಪಾರ್ಕ್ ಮ್ಯೂಸಿಯಂನಲ್ಲಿ ಡೊನೆಗಾಲ್ ಕಡೆಯ ಅಂಥದ್ದೊಂದರ ಅಚ್ಚಿದೆ. ಸುಕ್ಕುಗಟ್ಟಿದ ಮುಖ, ಕಿರಿದ ಹಲ್ಲು. ನಿಜಕ್ಕೂ ಹೆದರಿಕೆ ಆಗುತ್ತದೆ.

1845ರ ಆಲೂಗಡ್ಡೆ ಕ್ಷಾಮದಲ್ಲಿ ಲಕ್ಷಾಂತರ ಜನ ಅಮೆರಿಕದ ಹಡಗು ಹತ್ತಿದರು. ಹಬ್ಬವೂ ಜೊತೆಗೆ ಹೋಯಿತು. ಅಲ್ಲಿ ಮೆತ್ತಗಿನ ದೊಡ್ಡ ಕುಂಬಳಕಾಯಿ ಸಿಕ್ಕಿದ ಮೇಲೆ ಟರ್ನಿಪ್ ಯಾರಿಗೆ ಬೇಕು? ಅಮೆರಿಕದವರು ಹಬ್ಬ ಕೆಡಿಸಿದರು ಅಂತ ಇಲ್ಲಿ ಕೆಲವರು ಗೊಣಗುತ್ತಾರೆ. ಒಂದು ಟರ್ನಿಪ್ ಕೊರೆದು ನೋಡಿದ ಮೇಲೆ ಗೊಣಗಲಿ.

ಊಟಕ್ಕೆ ಕೋಲ್‌ಕ್ಯಾನನ್. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೇಲ್ ಸೊಪ್ಪು ಸೇರಿಸಿ, ನಡುವೆ ಗುಂಡಿ ಮಾಡಿ ಬೆಣ್ಣೆ ಹಾಕಿದ್ದರು. ಮಾಂಸ ಇರಲಿಲ್ಲ. ಅಮ್ಮನಿಗೋಸ್ಕರ ಅಂದುಕೊಂಡರೆ ಹಾಗಲ್ಲ. ಸಂತರ ದಿನದ ಹಿಂದಿನ ದಿನ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸ ಮುಟ್ಟುತ್ತಿರಲಿಲ್ಲವಂತೆ. ಅಮ್ಮ ಎರಡು ಸಲ ಬಡಿಸಿಕೊಂಡಳು.

ಆಮೇಲೆ ಬಾರ್ಮ್‌ಬ್ರ್ಯಾಕ್. ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು. ಒಳಗೆ ಉಂಗುರ ಇಟ್ಟಿರುತ್ತಾರೆ, ಸಿಕ್ಕಿದವರಿಗೆ ವರ್ಷದೊಳಗೆ ಮದುವೆ. ಹಿಂದೆ ನಾಣ್ಯ, ಚಿಂದಿ ಬಟ್ಟೆ, ಬಟಾಣಿ ಕಾಳು ಕೂಡ ಇಡುತ್ತಿದ್ದರು. ಚಿಂದಿ ಸಿಕ್ಕವನಿಗೆ ಬಡತನ, ಪಾಪ. ಮೊಟ್ಟೆ ಹಾಕಿದ್ದಾರೆ ಅಂತ ಗೊತ್ತಾಗಿ ಅಮ್ಮ ತನ್ನ ಹೋಳನ್ನು ನನ್ನ ತಟ್ಟೆಗೆ ದಾಟಿಸಿದಳು. ಅದನ್ನು ಮುರಿದರೆ ಉಂಗುರ! ಹೋಳು ಯಾರದ್ದೋ ಉಂಗುರ ಅವರದ್ದೇ ಅಂತ ಅಜ್ಜಿ ತೀರ್ಪು ಕೊಟ್ಟರು. "ನಿಮ್ಮಪ್ಪನಿಗೆ ಫೋನ್ ಮಾಡಿ ಹೇಳು, ಹುಷಾರಾಗಿರಲಿ" ಅಂದಳು ಅಮ್ಮ.

ಕತ್ತಲಾದ ಮೇಲೆ ಮಕ್ಕಳು ಬಂದರು. ಒಬ್ಬ ಸ್ಪೈಡರ್‌ಮ್ಯಾನ್, ಇಬ್ಬರು ಮಾಟಗಾತಿಯರು, ಬಿಳಿ ಹಾಸು ಹೊದ್ದ ಪುಟ್ಟ ಭೂತ ಒಂದು. ಅಜ್ಜಿ ಬುಟ್ಟಿಯಲ್ಲಿ ಚಾಕೊಲೇಟ್ ಜೊತೆ ಸಿಪ್ಪೆ ಸಮೇತ ಕಡಲೆಕಾಯಿ ಇಟ್ಟಿದ್ದರು. ಈ ಹಬ್ಬಕ್ಕೆ ಇಲ್ಲಿ ಕಡಲೆಕಾಯಿ ಬೇಕೇ ಬೇಕು, ಮಕ್ಕಳು ಮುಖ ಸಿಂಡರಿಸಿದರೂ.

ಅಮ್ಮ ನನ್ನ ತೋಳು ತಿವಿದಳು. "ಹಾಡು ಹೇಳಲ್ವಾ? ಅಂಟಿಗೆ-ಪಂಟಿಗೆಯವರು ನಮ್ಮನೇಲಿ ಹಾಡದೇ ಅಕ್ಕಿ ಇಸ್ಕೊಂಡು ಹೋಗಿದ್ದುಂಟಾ?" ದೀಪಾವಳಿಯಲ್ಲಿ ರಾತ್ರಿಯಿಡೀ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವ ನಮ್ಮೂರವರ ಲೆಕ್ಕ ಅವಳದ್ದು. ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅಜ್ಜಿ ಕುಣಿದುಬಿಟ್ಟರು. "ಸರಿಯಾಗಿ ಕೇಳಿದಳು! ನಾವೂ ಹಾಡಿಯೇ ಕಾಯಿ ಇಸಕೊಳ್ತಿದ್ದದ್ದು. ಈಗಿನವು ಸುಮ್ನೆ ಚೀಲ ಒಡ್ಡುತ್ತವೆ." ಮಕ್ಕಳು ಮುಖ ಮುಖ ನೋಡಿಕೊಂಡವು. ಪುಟ್ಟ ಭೂತ ಮಾತ್ರ ಹಾಸಿನೊಳಗಿಂದಲೇ ಶಾಲೆಯಲ್ಲಿ ಕಲಿತ ಐರಿಷ್ ಪದ್ಯವೊಂದನ್ನು ಉಸಿರು ಬಿಡದೆ ಒಪ್ಪಿಸಿತು. ಅಮ್ಮನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅರ್ಧ ಬುಟ್ಟಿ ಅದರ ಚೀಲಕ್ಕೆ ಸುರಿದಳು, ಸ್ಪೈಡರ್‌ಮ್ಯಾನ್‌ಗೆ ಎರಡೇ ಕಡಲೆಕಾಯಿ.